ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ತೊಂದರೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಗಾಡಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾಗದಲ್ಲಿ ಆಟೋಮ್ಯಾಟಿಕ್ ಗಾಡಿಗಳು ಈಗ ಜಾಸ್ತಿ ಆಗಿವೆ. ಹೊಸಪೇಟೆ, ಗಂಗಾವತಿ, ಸಿಂಧನೂರು, ಎಲ್ಲಿ ನೋಡಿದರೂ ಕಾಣುತ್ತವೆ. ಆದರೆ ಗಾಡಿ ಸ್ವಲ್ಪ ಜರ್ಕ್ ಹೊಡೆದರೂ ಸಾಕು, "ಬಾಕ್ಸ್ ಹೋಗಿದೆ, ಇಳಿಸಬೇಕು" ಎಂಬ ಮಾತು ಬಂದುಬಿಡುತ್ತದೆ. ಬಾಕ್ಸ್ ಇಳಿಸುವುದು ದೊಡ್ಡ ಖರ್ಚು. ಅದಕ್ಕೆ ಮುಂಚೆ ಎಣ್ಣೆ, ಬ್ಯಾಟರಿ, ವೈರಿಂಗ್, ಕೇಬಲ್, ಇಂಜಿನ್ ಹಿಡಿದಿರುವ ಮೌಂಟ್ ಎಲ್ಲ ನೋಡಬೇಕು. ಅವುಗಳಲ್ಲೇ ತೊಂದರೆ ಸಿಕ್ಕಿಬಿಟ್ಟರೆ ಬಾಕ್ಸ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಯಾವುದನ್ನು ಮೊದಲು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಗಾಡಿಯಲ್ಲಿ ಯಾವ ತರದ ಆಟೋಮ್ಯಾಟಿಕ್ ಇದೆ ಅಂತ ತಿಳಿಯೋದು ಹೇಗೆ?

ಇದನ್ನು ತಿಳಿಯದೆ ಮುಂದಕ್ಕೆ ಹೋಗಲೇಬಾರದು. ನಮ್ಮ ದೇಶದಲ್ಲಿ ಓಡುವ ಆಟೋಮ್ಯಾಟಿಕ್‌ಗಳಲ್ಲಿ ಮುಖ್ಯವಾಗಿ ನಾಲ್ಕು ತರ ಇವೆ. ಒಂದರ ಲಕ್ಷಣ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲನೆಯದು ಎಎಂಟಿ. ಇದರೊಳಗೆ ಇರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್. ಕ್ಲಚ್ ಒತ್ತುವುದು, ಗೇರ್ ಹಾಕುವುದು ಎರಡನ್ನೂ ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಇದು ನಮ್ಮ ದೇಶಕ್ಕೆ ಬಂತು. ಮಾರುತಿಯವರು ಇದನ್ನು ಎಜಿಎಸ್ ಎನ್ನುತ್ತಾರೆ. ಟಾಟಾ ಟಿಯಾಗೊ, ರೆನೋ ಕ್ವಿಡ್‌ನಂಥ ಗಾಡಿಗಳಲ್ಲೂ ಇದೇ ತರ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಪಾರ್ಕಿಂಗಿನ 'ಪಿ' ಇರುವುದಿಲ್ಲ. ಅದರಿಂದಲೇ ಗುರುತು ಹಿಡಿಯಬಹುದು.

ಎರಡನೆಯದು ಟಾರ್ಕ್ ಕನ್ವರ್ಟರ್. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಹಳೆಯ, ಗಟ್ಟಿ ವ್ಯವಸ್ಥೆ. ಇನೋವಾ ಕ್ರಿಸ್ಟಾ, 2022ರ ನಂತರದ ಬ್ರೆಜಾ ಮತ್ತು ಎರ್ಟಿಗಾ, ಕ್ರೆಟಾ ಡೀಸೆಲ್ ಇವುಗಳಲ್ಲಿ 6 ಗೇರಿನ ಇಂಥ ಬಾಕ್ಸ್ ಇದೆ. ಮೂರನೆಯದು ಸಿವಿಟಿ. ಇದರಲ್ಲಿ ಬೇರೆ ಬೇರೆ ಗೇರುಗಳೇ ಇಲ್ಲ, ಎರಡು ಪುಲ್ಲಿ ಮತ್ತು ಒಂದು ಉಕ್ಕಿನ ಬೆಲ್ಟ್. ಹೋಂಡಾ ಸಿಟಿ, ಅಮೇಜ್, ನಿಸಾನ್ ಮ್ಯಾಗ್ನೈಟ್ ಟರ್ಬೊ ಇದಕ್ಕೆ ಉದಾಹರಣೆ. ನಾಲ್ಕನೆಯದು ಎರಡು ಕ್ಲಚ್ ಇರುವ ಡಿಸಿಟಿ. ಹ್ಯುಂಡೈ ಮತ್ತು ಕಿಯಾ ಟರ್ಬೊ ಪೆಟ್ರೋಲ್ ಗಾಡಿಗಳು, ಹಳೆಯ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐ, ಆಲ್ಟ್ರೋಜ್ ಡಿಸಿಎ ಈ ಗುಂಪಿಗೆ ಸೇರುತ್ತವೆ.

ಒಂದೇ ಹೆಸರಿನ ಗಾಡಿಯಲ್ಲಿ ಪೆಟ್ರೋಲಿಗೆ ಒಂದು ತರ, ಡೀಸೆಲಿಗೆ ಇನ್ನೊಂದು ತರ ಬಾಕ್ಸ್ ಇರುವುದುಂಟು. ಅದಕ್ಕೆ ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿಕೊಳ್ಳಿ.

ಡಿಗೆ ಹಾಕಿ ರೇಸ್ ಕೊಟ್ಟರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗ್ತಿಲ್ಲ. ಬಾಕ್ಸ್ ಹೋಯ್ತಾ?

ಅಷ್ಟು ಬೇಗ ತೀರ್ಮಾನ ಬೇಡ. ಮೊದಲು ರಿವರ್ಸ್ ಹಾಕಿ ನೋಡಿ.

ರಿವರ್ಸ್ ಸರಿಯಾಗಿ ಹೋಗಿ ಮುಂದಕ್ಕೆ ಮಾತ್ರ ಹೋಗದಿದ್ದರೆ, ಎಣ್ಣೆಯ ಪಂಪ್ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಆಗ ಅನುಮಾನ ಬರುವುದು ಮುಂದಿನ ಗೇರಿನ ಕ್ಲಚ್ ಅಥವಾ ಅದಕ್ಕೆ ಎಣ್ಣೆ ಬಿಡುವ ಸೊಲೆನಾಯ್ಡ್ ಮೇಲೆ. ಎರಡೂ ಕಡೆ ಹೋಗದಿದ್ದರೆ ಎಣ್ಣೆ ಪೂರ್ತಿ ಖಾಲಿ ಆಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪ್ ಹೋಗಿರಬಹುದು. ಬಾಕ್ಸಿನ ಹೊರಗೂ ಎರಡು ಕಾರಣ ಇವೆ. ಗೇರ್ ಲಿವರ್‌ನಿಂದ ಬಾಕ್ಸಿಗೆ ಹೋಗುವ ಕೇಬಲ್ ಕಳಚಿಕೊಂಡರೆ ನೀವು ಡಿಗೆ ಹಾಕಿದರೂ ಬಾಕ್ಸ್ ನ್ಯೂಟ್ರಲ್‌ನಲ್ಲೇ ಇರುತ್ತದೆ. ಡ್ರೈವ್ ಶಾಫ್ಟ್ ಮುರಿದಿದ್ದರೆ ಅಥವಾ ಹೊರಗೆ ಬಂದಿದ್ದರೆ ಒಳಗೆ ಎಲ್ಲ ತಿರುಗಿದರೂ ಗಾಲಿ ತಿರುಗುವುದಿಲ್ಲ. ಗುಂಡಿಗೆ ಜೋರಾಗಿ ಇಳಿದ ಮೇಲೆ ಹೀಗಾಗಿದ್ದರೆ ಮೊದಲು ಗಾಡಿಯ ಕೆಳಗೆ ಹೋಗಿ ಇವೆರಡನ್ನು ನೋಡಿ. ಇವು ಬಾಕ್ಸ್ ಕೆಲಸಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತವೆ.

ಎಎಂಟಿ ಗಾಡಿ ಹೀಗೆ ಸ್ಲಿಪ್ ಹೊಡೆದರೆ ಹೆಚ್ಚಾಗಿ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಏರು ಹತ್ತುವಾಗ, ಪೂರ್ತಿ ಜನ ಕೂತಾಗ ಮೊದಲು ಗೊತ್ತಾಗುತ್ತದೆ. ಸುಟ್ಟ ವಾಸನೆಯೂ ಬರುತ್ತದೆ.

ಏನೇ ಇರಲಿ, ಸ್ಲಿಪ್ ಹೊಡೆಯುವ ಗಾಡಿಯನ್ನು "ಊರು ಮುಟ್ಟಿಬಿಡೋಣ" ಅಂತ ಓಡಿಸಬೇಡಿ. ಸ್ಲಿಪ್ ಆದಷ್ಟೂ ಒಳಗೆ ಬಿಸಿ ಏರುತ್ತದೆ, ಚೆನ್ನಾಗಿರುವ ಭಾಗವೂ ಸುಡುತ್ತದೆ.

ಬೆಳಿಗ್ಗೆ ಮೊದಲ ಸಲ ಡಿಗೆ ಹಾಕಿದರೆ ತಡವಾಗಿ ಹಿಡಿಯುತ್ತೆ. ಆಮೇಲೆ ಸರಿ ಇರುತ್ತೆ. ಬಿಡಬಹುದಾ?

ಬಿಡಬೇಡಿ, ಇದು ತೊಂದರೆಯ ಮುನ್ಸೂಚನೆ. ಟೊಯೊಟಾದ ಎಷ್ಟೋ ಸರ್ವಿಸ್ ಪುಸ್ತಕಗಳಲ್ಲಿ ನ್ಯೂಟ್ರಲ್‌ನಿಂದ ಡಿಗೆ ಹಿಡಿಯಲು 1.2 ಸೆಕೆಂಡ್, ರಿವರ್ಸಿಗೆ 1.5 ಸೆಕೆಂಡ್ ಮೀರಬಾರದು ಎಂದಿರುತ್ತದೆ. ಇದು ಬಿಸಿಯಾದ ಗಾಡಿಯ ಲೆಕ್ಕ. ಬೇರೆ ಟಾರ್ಕ್ ಕನ್ವರ್ಟರ್ ಗಾಡಿಗಳಿಗೂ ಇದನ್ನೇ ಅಂದಾಜಿಗೆ ಇಟ್ಟುಕೊಳ್ಳಬಹುದು. ಬ್ರೇಕ್ ಒತ್ತಿ ಹಿಡಿದು ಡಿಗೆ ಹಾಕಿ, ಗಾಡಿಗೆ ಸಣ್ಣದಾಗಿ ಹಿಡಿತ ಬರುವವರೆಗೆ ಮೊಬೈಲಿನಲ್ಲಿ ಸಮಯ ನೋಡಿ. ಹೀಗೆ ಮೂರು ಸಲ ಮಾಡಿ, ಪ್ರತಿ ಸಲಕ್ಕೂ ಒಂದು ನಿಮಿಷ ಬಿಡುವು ಕೊಡಿ.

ಬೆಳಿಗ್ಗೆ ಮಾತ್ರ ತಡವಾದರೆ ಎಣ್ಣೆ ಕಡಿಮೆ ಇರಬಹುದು. ಅಥವಾ ಒಳಗಿನ ರಬ್ಬರ್ ಸೀಲ್‌ಗಳು ಗಟ್ಟಿಯಾಗಿ, ತಣ್ಣಗಿರುವಾಗ ಒತ್ತಡ ನಿಲ್ಲಿಸಲಾರದೆ ಇರಬಹುದು. ಎಣ್ಣೆ ಕಡಿಮೆ ಇದ್ದರೆ ಎಲ್ಲಿಂದ ಸೋರಿತು ಎಂಬುದನ್ನೂ ಹುಡುಕಿ. ಸುಮ್ನೆ ತುಂಬಿ ಬಿಟ್ಟರೆ ಮತ್ತೆ ಖಾಲಿ ಆಗುತ್ತದೆ.

ಗೇರ್‌ಬಾಕ್ಸ್ ಎಣ್ಣೆ ನೋಡೋದು ಹೇಗೆ? ನನ್ನ ಗಾಡಿಯಲ್ಲಿ ಎಣ್ಣೆ ಅಳೆಯುವ ಕಡ್ಡಿಯೇ ಇಲ್ಲ.

ಕಡ್ಡಿ ಇರುವ ಹಳೆಯ ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಬಿಸಿಯಾಗಿ, ಸಮ ನೆಲದ ಮೇಲೆ, ಪಿಯಲ್ಲಿ ಇಂಜಿನ್ ಓಡುತ್ತಿರುವಾಗಲೇ ಅಳತೆ ನೋಡಬೇಕು. ಕೆಲವು ಕಂಪನಿಗಳದ್ದು ಇಂಜಿನ್ ಆಫ್ ಮಾಡಿ ನೋಡುವ ಕ್ರಮ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಾಡಿ.

ಈಗಿನ ಗಾಡಿಗಳಲ್ಲಿ ಕಡ್ಡಿ ಇರುವುದಿಲ್ಲ, ಬಾಕ್ಸಿನಲ್ಲಿ ಅಳತೆಯ ಬೋಲ್ಟ್ ಇರುತ್ತದೆ. ಎಣ್ಣೆ ಇಂತಿಷ್ಟು ಬಿಸಿ ಇರುವಾಗ ಇಂಜಿನ್ ಚಾಲೂ ಇಟ್ಟು ಆ ಬೋಲ್ಟ್ ಬಿಚ್ಚಿದರೆ, ಹೆಚ್ಚಾದ ಎಣ್ಣೆ ಸಣ್ಣ ಧಾರೆಯಾಗಿ ಹೊರಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಅಳತೆ ಸರಿ. ಈ "ಇಂತಿಷ್ಟು ಬಿಸಿ" ಎಂಬುದೇ ನಮ್ಮ ಭಾಗದಲ್ಲಿ ತಪ್ಪುವುದು. ಟೊಯೊಟಾದ ಎಷ್ಟೋ ಬಾಕ್ಸ್‌ಗಳಿಗೆ ಅದು 40 ಡಿಗ್ರಿ ಆಸುಪಾಸು, ಹ್ಯುಂಡೈನ 6 ಗೇರಿನ ಬಾಕ್ಸ್‌ಗಳಿಗೆ 50ರಿಂದ 60 ಡಿಗ್ರಿ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲೇ 40 ದಾಟಿರುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಎಣ್ಣೆ ಇಂಜಿನ್ ಹಾಕುವ ಮೊದಲೇ 40 ಮೀರಿರುತ್ತದೆ. ಬಿಸಿಯಾದ ಎಣ್ಣೆ ಹಿಗ್ಗುತ್ತದೆ. ಆಗ ಬೋಲ್ಟ್ ಬಿಚ್ಚಿದರೆ ಬೇಕಾದ ಎಣ್ಣೆಯೂ ಹೊರಗೆ ಹರಿದುಹೋಗಿ, ಬಾಕ್ಸಿನಲ್ಲಿ ಕಡಿಮೆ ಉಳಿಯುತ್ತದೆ. "ಆಯಿಲ್ ಚೇಂಜ್ ಮಾಡಿಸಿದ ಮೇಲೇ ತೊಂದರೆ ಶುರುವಾಯ್ತು" ಎನ್ನುವವರು ಮೊದಲು ಈ ಅಳತೆಯನ್ನೇ ಮತ್ತೆ ನೋಡಿಸಬೇಕು.

ಅದಕ್ಕೆ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ಹೊತ್ತೇ ಮಾಡಿಸಿ. ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು. ಕೈ ಮುಟ್ಟಿ ಬಿಸಿ ಅಂದಾಜು ಮಾಡುವುದು ಬೇಡ. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಸ್ಕ್ಯಾನರ್‌ನಲ್ಲಿ ಎಣ್ಣೆಯ ಬಿಸಿ ಎಷ್ಟು ಡಿಗ್ರಿ ಎಂದು ಕಾಣುತ್ತದೆ, ಅದನ್ನು ನೋಡುತ್ತಲೇ ಬೋಲ್ಟ್ ಬಿಚ್ಚಬೇಕು.

ಅಳತೆ ಆದ ಮೇಲೆ ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಡಿ. ಹೊಸ ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೆ) ಹೆಚ್ಚಾಗಿ ಕೆಂಪಗೆ, ತಿಳಿಯಾಗಿ ಇರುತ್ತದೆ. ಸಿವಿಟಿ ಎಣ್ಣೆಯ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ತಿಳಿ ಕಂದು ಆಗಿದ್ದರೆ ಹಳತಾಗಿದೆ, ಬದಲಿಸಬೇಕು ಅಷ್ಟೇ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸುಟ್ಟಿದೆ. ಗುಲಾಬಿ ಬಣ್ಣದ ಹಾಲಿನ ತರ ಕಂಡರೆ ನೀರು ಸೇರಿದೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ.

60–80ರ ವೇಗದಲ್ಲಿ ಗಾಡಿ ನಡುಗುತ್ತೆ. ರಸ್ತೆಯದಾ, ಟೈರಿನದಾ, ಬಾಕ್ಸಿನದಾ?

ಮನೆಯವರೇ ಕಂಡುಹಿಡಿಯಬಹುದಾದ ತೊಂದರೆ ಇದು. ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಒಂದು ವೇಗ ಬಂದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಹಿಡಿದುಕೊಂಡು ಇಂಜಿನ್ ಮತ್ತು ಬಾಕ್ಸ್ ನೇರ ಜೋಡಿಯಾಗುತ್ತವೆ. ಆ ಕ್ಲಚ್ ಹಿಡಿ-ಬಿಡು ಮಾಡಿದರೆ ಸಾಲು ಸಾಲು ಸಣ್ಣ ಉಬ್ಬುಗಳ ಮೇಲೆ ಹೋದಂತೆ ನಡುಕ ಬರುತ್ತದೆ.

ಹೊಸಪೇಟೆಯಿಂದ ಕುಷ್ಟಗಿ ಕಡೆಯ ಹೆದ್ದಾರಿಯಂಥ ನುಣುಪಾದ, ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ ನೋಡಿ. ನಡುಕ ಬರುವ ವೇಗದಲ್ಲಿ ಎಕ್ಸಲರೇಟರ್ ಹಾಗೇ ಹಿಡಿದು, ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಮುಟ್ಟಿದ ಕೂಡಲೇ ಲಾಕ್‌ಅಪ್ ಬಿಡುತ್ತದೆ, ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇಳುತ್ತದೆ. ನಡುಕ ಆ ಕ್ಷಣವೇ ನಿಂತರೆ ತೊಂದರೆ ಲಾಕ್‌ಅಪ್ ಕಡೆಯದು. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್, ಗಾಲಿಯ ಬ್ಯಾಲೆನ್ಸ್ ನೋಡಿಸಿ. ನ್ಯೂಟ್ರಲ್‌ನಲ್ಲಿ ನಿಂತಾಗಲೂ ನಡುಗಿದರೆ ಇಂಜಿನ್ ಮೌಂಟ್ ಅಥವಾ ಇಂಜಿನ್ ಮಿಸ್‌ಫೈರ್.

ಲಾಕ್‌ಅಪ್ ನಡುಕ ಈಗಷ್ಟೇ ಶುರುವಾಗಿದ್ದರೆ, ಸರಿಯಾದ ಎಣ್ಣೆ ಬದಲಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ತಡ ಮಾಡಿದರೆ ಕನ್ವರ್ಟರ್ ಬದಲಿಸುವ ಮಟ್ಟಕ್ಕೆ ಹೋಗುತ್ತದೆ.

ಎಎಂಟಿ ಗಾಡಿ ಗೇರ್ ಬದಲಿಸುವಾಗ ತಲೆ ಮುಂದಕ್ಕೆ ಬೀಳುತ್ತೆ. ಇದು ತೊಂದರೆನಾ?

ಸ್ವಲ್ಪ ಮಟ್ಟಿಗೆ ಅದರ ಗುಣವೇ ಹಾಗೆ. ಕ್ಲಚ್ ಬಿಟ್ಟು ಹಿಡಿಯುವ ನಡುವೆ ಗಾಡಿಗೆ ಬಲ ಸಿಗುವುದಿಲ್ಲ, ಅದೇ ಆ ಎಳೆತ. ಗೇರ್ ಬದಲಾಗುವ ಹೊತ್ತಿಗೆ ಕಾಲು ತುಸು ಸಡಿಲಿಸಿದರೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ.

ಮೊದಲು ಇಲ್ಲದ ಜರ್ಕ್ ಈಗ ಬಂದಿದ್ದರೆ ಅದು ಬೇರೆ. ನಿಂತ ಗಾಡಿ ಹೊರಡುವಾಗ ನಡುಗುವುದು, ರಿವರ್ಸಿನಲ್ಲಿ ಹಾರಿದಂತೆ ಹೋಗುವುದು, ಗೇರ್ ಹಾಕಿದರೂ ಎನ್ ಎಂದೇ ಮಿನುಗುವುದು, ಇವೆಲ್ಲ ಕ್ಲಚ್ ಪ್ಲೇಟ್ ಸವೆದ ಅಥವಾ ಕ್ಲಚ್ ಒತ್ತುವ ಯಂತ್ರದ ಒತ್ತಡ ಇಳಿದ ಲಕ್ಷಣ. ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆ ಸ್ಕ್ಯಾನರ್‌ನಿಂದ "ಕ್ಲಚ್ ಲರ್ನಿಂಗ್" ಮಾಡಿಸಲೇಬೇಕು. ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತದೆ ಎಂದು ಗಾಡಿಯ ಕಂಪ್ಯೂಟರಿಗೆ ಗೊತ್ತಾಗುವುದು ಅದರಿಂದಲೇ. ಇದನ್ನು ಬಿಟ್ಟರೆ ಹೊಸ ಕ್ಲಚ್ ಹಾಕಿಯೂ ಹಳೆಯ ಜರ್ಕ್ ಉಳಿಯುತ್ತದೆ.

ಡ್ರೈವರ್ ಬಾಗಿಲು ತೆಗೆದಾಗ "ಝುಯ್" ಎಂದು ಸದ್ದು ಬಂದರೆ ಗಾಬರಿ ಬೇಡ. ಕೆಲವು ಎಎಂಟಿ ಗಾಡಿಗಳಲ್ಲಿ ಪಂಪ್ ಮುಂಚೆಯೇ ಒತ್ತಡ ತುಂಬಿಕೊಳ್ಳುವ ಸದ್ದು ಅದು.

ಬ್ಯಾಟರಿಗೂ ಗೇರ್‌ಬಾಕ್ಸಿಗೂ ಏನು ಸಂಬಂಧ?

ತುಂಬಾ ಇದೆ. ಸೊಲೆನಾಯ್ಡ್, ಸೆನ್ಸರ್, ಎಎಂಟಿಯ ಪಂಪ್ ಎಲ್ಲ ಕರೆಂಟಿನ ಮೇಲೆ ನಡೆಯುತ್ತವೆ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, ಇಂಜಿನ್ ಓಡುವಾಗ 13.8ರಿಂದ 14.5. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಗೇರ್ ವಾರ್ನಿಂಗ್ ಬಂದ ಗಾಡಿಗೆ ಮೊದಲು ಮಲ್ಟಿಮೀಟರ್ ಹಿಡಿಯಿರಿ, ಜೊತೆಗೆ ಅರ್ಥ್ ವೈರ್ ತುಕ್ಕು ಹಿಡಿದಿದೆಯಾ ನೋಡಿ. ಐದು ನಿಮಿಷದ ಕೆಲಸ.

ಚೆಕ್ ಲೈಟ್ ಹತ್ತಿದೆ, ಗಾಡಿ ಒಂದೇ ಗೇರಿನಲ್ಲಿ ಓಡುತ್ತೆ, 40ರ ಮೇಲೆ ಏರೋದೇ ಇಲ್ಲ. ಯಾಕೆ?

ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಏನೋ ತಪ್ಪಿದೆ ಎಂದು ಕಂಪ್ಯೂಟರಿಗೆ ಅನಿಸಿದಾಗ, ಬಾಕ್ಸ್ ಉಳಿಸಲು ಅದು ಒಂದೇ ಗೇರಿಗೆ ಕಟ್ಟಿಹಾಕುತ್ತದೆ. ಇಂಜಿನ್ ಆಫ್ ಮಾಡಿ ಮತ್ತೆ ಹಾಕಿದರೆ ಕೆಲವು ಸಲ ಸರಿಹೋಗುತ್ತದೆ, ಆದರೆ ಕಾರಣ ಹಾಗೇ ಉಳಿದಿರುತ್ತದೆ.

ಸ್ಕ್ಯಾನರ್ ಹಾಕಿಸಿ, ಆದರೆ ಯಾವ ಸ್ಕ್ಯಾನರ್ ಎಂದು ಕೇಳಿ. ಕಡಿಮೆ ಬೆಲೆಯ ಬ್ಲೂಟೂತ್ ಒಬಿಡಿ (ಗಾಡಿಯ ದೋಷ ಓದುವ) ಸಾಧನಗಳು ಹೆಚ್ಚಾಗಿ ಇಂಜಿನ್ ಕಡೆಯ ದೋಷದ ಕೋಡ್ ಮಾತ್ರ ಓದುತ್ತವೆ. ಅವುಗಳಲ್ಲಿ ಪಿ0700 ಎಂದು ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಏನೋ ದಾಖಲಾಗಿದೆ, ಅಲ್ಲಿ ಹೋಗಿ ನೋಡು" ಎಂದಷ್ಟೇ ಅರ್ಥ. ಪಿ0700 ನೋಡಿ ಬಾಕ್ಸ್ ಇಳಿಸಿ ಎನ್ನುವವರಿಂದ ಗಾಡಿ ವಾಪಸ್ ತೆಗೆದುಕೊಂಡು ಬನ್ನಿ. ಗೇರ್‌ಬಾಕ್ಸ್ ಕಂಪ್ಯೂಟರನ್ನೇ ಓದುವ ಸ್ಕ್ಯಾನರ್ ಬೇಕು.

ಅಲ್ಲಿ ಸಿಗುವ ಕೋಡ್‌ಗಳಲ್ಲಿ ಪಿ0715 ಬಾಕ್ಸಿನ ಒಳಬರುವ ಶಾಫ್ಟಿನ ವೇಗದ ಸೆನ್ಸರಿನದು, ಪಿ0720 ಹೊರಹೋಗುವ ಶಾಫ್ಟಿನದು. ಎಷ್ಟೋ ಗಾಡಿಗಳಲ್ಲಿ ಇವೆರಡು ಸೆನ್ಸರನ್ನೂ ಬಾಕ್ಸ್ ಇಳಿಸದೆ ಬದಲಿಸಬಹುದು. ಪಿ0741 ಎಂದರೆ ಲಾಕ್‌ಅಪ್ ಸರಿಯಾಗಿ ಹಿಡಿಯುತ್ತಿಲ್ಲ. ಪಿ0750 ಮೊದಲ ಶಿಫ್ಟ್ ಸೊಲೆನಾಯ್ಡಿನದು. ಪಿ0218 ಎಣ್ಣೆ ಅತಿಯಾಗಿ ಬಿಸಿಯಾಗಿದೆ ಎಂಬುದು. ಪಿ0730 ಬಂದರೆ ಹಾಕಿದ ಗೇರಿಗೂ ತಿರುಗುವ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ, ಅಂದರೆ ಎಲ್ಲೋ ಸ್ಲಿಪ್ ಇದೆ.

ಕೋಡ್ ಹೇಳುವುದು ಲಕ್ಷಣವನ್ನು. ಯಾವ ಪಾರ್ಟ್ ಹಾಳಾಗಿದೆ ಎಂದು ಅದು ಹೇಳುವುದಿಲ್ಲ. ಸೊಲೆನಾಯ್ಡ್ ಕೋಡ್ ಬಂದಾಗ ಸೊಲೆನಾಯ್ಡಿನ ರೆಸಿಸ್ಟೆನ್ಸ್ ಅಳೆಯಬೇಕು, ಕನೆಕ್ಟರ್ ಬಿಚ್ಚಿ ಎಣ್ಣೆ ಜಿನುಗಿದೆಯಾ, ಪಿನ್ ಹಸಿರುಗಟ್ಟಿದೆಯಾ ನೋಡಬೇಕು, ವೈರನ್ನು ಇಲಿ ಕಡಿದಿದೆಯಾ ಎಂದೂ ಹುಡುಕಬೇಕು. ಭತ್ತದ ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುವ ಗಂಗಾವತಿ, ಸಿಂಧನೂರು ಕಡೆಯವರು ಇಲಿ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೋಡ್ ಅಳಿಸುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ನಮ್ಮ ಬಿಸಿಲಿಗೆ ಆಟೋಮ್ಯಾಟಿಕ್ ತಡೆಯುತ್ತಾ?

ತಡೆಯುತ್ತದೆ, ಅದಕ್ಕೆ ತಣ್ಣಗಾಗುವ ದಾರಿ ತೆರೆದಿರಬೇಕು ಅಷ್ಟೇ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿ ಗಾಡಿಗಳಲ್ಲಿ ಬಾಕ್ಸಿನ ಎಣ್ಣೆ ತಣ್ಣಗಾಗುವುದು ಹೆಚ್ಚಾಗಿ ರೇಡಿಯೇಟರ್ ನೀರಿನ ಸಹಾಯದಿಂದ ಅಥವಾ ಮುಂದೆ ಇರುವ ಸಣ್ಣ ಕೂಲರ್‌ನಿಂದ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಓಡುವ ಗಾಡಿಯ ರೇಡಿಯೇಟರ್ ಜಾಲರಿಯಲ್ಲಿ ಕೆಂಪು ಧೂಳು ಕಟ್ಟಿಕೊಳ್ಳುತ್ತದೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು, ಹತ್ತಿಯ ಎಳೆ ಕೂಡ ಸಿಕ್ಕಿಕೊಳ್ಳುತ್ತವೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಟ್ಟಿಕೊಂಡ ಧೂಳು ಹೊರಗಿನಿಂದ ಕಾಣುವುದಿಲ್ಲ. ಬೇಸಿಗೆಗೆ ಮುಂಚೆ ಒಳಗಿನಿಂದ ಹೊರಕ್ಕೆ, ಮೆಲ್ಲಗಿನ ನೀರಿನಲ್ಲಿ ತೊಳೆಸಿ. ಪ್ರೆಷರ್ ಗನ್ ಹತ್ತಿರ ಹಿಡಿದರೆ ಜಾಲರಿ ಬಗ್ಗಿಹೋಗುತ್ತದೆ.

ಓಡಿಸುವ ರೀತಿಯೂ ಮುಖ್ಯ. ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸ ಎಲ್ಲ ತರದ ಆಟೋಮ್ಯಾಟಿಕ್‌ಗೂ ಕೆಟ್ಟದ್ದು. ಎಎಂಟಿ ಮತ್ತು ಒಣ (ಎಣ್ಣೆಯಲ್ಲಿ ಮುಳುಗದ) ಕ್ಲಚ್ಚಿನ ಡಿಸಿಟಿಗಂತೂ ಬಹಳ ಕೆಟ್ಟದ್ದು. ರೈಲ್ವೆ ಗೇಟಿನಲ್ಲಿ, ಜಾತ್ರೆಯ ಜನಸಂದಣಿಯಲ್ಲಿ ಇಂಚಿಂಚು ತೆವಳುವ ಬದಲು, ಮುಂದೆ ಜಾಗ ಆಗುವವರೆಗೆ ಬ್ರೇಕ್ ಒತ್ತಿ ನಿಂತು ಒಮ್ಮೆಲೇ ಹೋಗಿ.

ಬಾಕ್ಸ್ ಬಿಸಿ ಎಂದು ವಾರ್ನಿಂಗ್ ಬಂದರೆ ನೆರಳಿಗೆ ನಿಲ್ಲಿಸಿ, ಪಿಗೆ ಹಾಕಿ. ಟಾರ್ಕ್ ಕನ್ವರ್ಟರ್ ಗಾಡಿಯಾದರೆ ಸ್ವಲ್ಪ ಹೊತ್ತು ಇಂಜಿನ್ ಓಡಲು ಬಿಡಿ. ಇಂಜಿನ್ ಓಡಿದರೆ ಮಾತ್ರ ಎಣ್ಣೆ ಕೂಲರ್‌ಗೆ ಹೋಗುತ್ತದೆ. ಇಂಜಿನ್ ಬಿಸಿಯ ಮುಳ್ಳೂ ಮೇಲೆ ಹೋಗಿದ್ದರೆ ಆಫ್ ಮಾಡಿ.

ಸಂಡೂರು ಘಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್, ಡೀಸೆಲ್ ಉಳಿಯುತ್ತಾ?

ಉಳಿಯುವುದಿಲ್ಲ. ಈಗಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಬೇಕಾದಷ್ಟು ಸುಡುತ್ತವೆ. ಇಂಜಿನ್ ತಡೆಯೂ ಸಿಗದೆ ಬ್ರೇಕ್ ಕಾಯುತ್ತದೆ. ಎಲ್ ಅಥವಾ ಮ್ಯಾನುವಲ್ ಮೋಡ್‌ನಲ್ಲಿ ಕೆಳಗಿನ ಗೇರ್ ಹಿಡಿದು ಇಳಿಯಿರಿ.

"ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ" ಅಂತಾರೆ. ನಿಜವಾ?

ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳಿಗೆ ಈ ಮಾತು ಹೊಂದುವುದಿಲ್ಲ. ಗಾಡಿ ಪುಸ್ತಕದಲ್ಲಿ "ಕಠಿಣ ಬಳಕೆ" ಎಂಬ ಬೇರೆ ಪಟ್ಟಿ ಇರುತ್ತದೆ. ಅತಿ ಬಿಸಿಲು, ಧೂಳು, ಭಾರ, ನಿಂತು ನಿಂತು ಓಡುವುದು ಅದರಲ್ಲಿ ಬರುತ್ತವೆ. ಬಳ್ಳಾರಿ, ರಾಯಚೂರು ಗಾಡಿಗಳಿಗೆ ಆ ಪಟ್ಟಿಯೇ ಸರಿ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಗೆ 40ರಿಂದ 60 ಸಾವಿರ ಕಿ.ಮೀ. ನಡುವೆ ಒಮ್ಮೆ ಬದಲಿಸಿ ಎಂದು ನಾನು ಹೇಳುತ್ತೇನೆ. ಪುಸ್ತಕದಲ್ಲಿ ಅದಕ್ಕಿಂತ ಮುಂಚೆ ಎಂದಿದ್ದರೆ ಪುಸ್ತಕದಂತೆ ಮಾಡಿ.

ಕೆಳಗಿನ ಬೋಲ್ಟ್ ಬಿಚ್ಚಿದರೆ ಎಲ್ಲ ಎಣ್ಣೆ ಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಒಳಗೆ ದೊಡ್ಡ ಪಾಲು ಉಳಿಯುತ್ತದೆ. ಅದಕ್ಕೆ ಒಮ್ಮೆ ಬದಲಿಸಿ, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಬದಲಿಸುವುದು ಒಳ್ಳೆಯ ಕ್ರಮ. ಎಣ್ಣೆ ಬದಲಿಸದೆಯೇ ಬಹಳ ಓಡಿದ ಗಾಡಿಗೆ ಯಂತ್ರದ ಒತ್ತಡ ಕೊಟ್ಟು ಫ್ಲಶ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಕದಲಿದ ಕೊಳೆ ಒಳಗೆ ಎಣ್ಣೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು.

ಎಣ್ಣೆ ಯಾವುದಾದರೂ ನಡೆಯುತ್ತದೆ ಎಂಬುದು ದೊಡ್ಡ ತಪ್ಪು. ಟೊಯೊಟಾದ ಟಾರ್ಕ್ ಕನ್ವರ್ಟರ್ ಬಾಕ್ಸಿಗೆ ಡಬ್ಲ್ಯುಎಸ್, ಹ್ಯುಂಡೈ-ಕಿಯಾದ 6 ಗೇರಿಗೆ ಎಸ್‌ಪಿ-4, ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ನಿಸಾನ್ ಸಿವಿಟಿಗೆ ಎನ್‌ಎಸ್-3, ಹೀಗೆ ಒಂದೊಂದಕ್ಕೂ ಒಂದೊಂದಿದೆ. ಸಿವಿಟಿಗೆ ಮಾಮೂಲಿ ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿ ಗೀರು ಬೀಳುತ್ತದೆ. ಗಾಡಿ ಪುಸ್ತಕದಲ್ಲಿರುವ ಹೆಸರು ಡಬ್ಬಿಯ ಮೇಲೆ ಇರಲೇಬೇಕು. ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆಯೇ ತೆಗೆಸಿ.

ಎರೆ ಹೊಲದಲ್ಲಿ ಗಾಡಿ ಹೂತುಕೊಂಡರೆ ಡಿ-ಆರ್, ಡಿ-ಆರ್ ಮಾಡಿ ತೆಗೆಯಬಹುದಾ?

ಬೇಡ. ಮಳೆಯಾದ ಎರೆ ಮಣ್ಣು ಗಾಲಿ ಬಿಡುವುದೇ ಇಲ್ಲ. ಗಾಲಿ ತಿರುಗುತ್ತಿರುವಾಗಲೇ ಎದುರು ಗೇರಿಗೆ ಎಳೆದರೆ ಕ್ಲಚ್‌ಗಳ ಮೇಲೆ ಭಾರ ಬಿದ್ದು ಕೆಲವೇ ನಿಮಿಷದಲ್ಲಿ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ. ಗಾಲಿಯ ಮುಂದಿನ ಮಣ್ಣು ತೆಗೆದು, ಗೋಣಿಚೀಲವನ್ನೋ ಜಾಲಿ ಕೊಂಬೆಯನ್ನೋ ಹಾಕಿ, ಒಂದೇ ದಿಕ್ಕಿಗೆ ಮೆಲ್ಲಗೆ ಪ್ರಯತ್ನಿಸಿ. ಆಗದಿದ್ದರೆ ಟ್ರ್ಯಾಕ್ಟರ್ ಕರೆಸಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇಂಜಿನ್ ಓಡುತ್ತಿರಲಿ, ಗಟ್ಟಿ ನೆಲ ಮುಟ್ಟುವಷ್ಟು ದೂರ ಮಾತ್ರ ಎಳೆಸಿ.

ಹಳ್ಳ ದಾಟಿದ ಮೇಲೆ ಬಾಕ್ಸಿನಲ್ಲಿ ನೀರು ಹೋಗಿರಬಹುದಾ?

ಹೋಗಿರಬಹುದು. ಬಾಕ್ಸಿಗೆ ಗಾಳಿಯಾಡಲು ಮೇಲೆ ಒಂದು ಸಣ್ಣ ಕೊಳವೆ ಇರುತ್ತದೆ. ಬಿಸಿ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಕೊಳವೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ನೀರು ಗಾಡಿಯ ಹೊಟ್ಟೆ ಮುಟ್ಟಿದ್ದರೆ ಮಾರನೆಯ ದಿನವೇ ಎಣ್ಣೆ ನೋಡಿಸಿ. ಒಳಗಿನ ಕ್ಲಚ್‌ಗಳ ಮೇಲಿನ ಪದರ ಕಾಗದದಂಥ ವಸ್ತು, ಅಂಟಿನಿಂದ ಹಿಡಿದಿರುತ್ತದೆ. ನೀರು ಸೇರಿದರೆ ಆ ಅಂಟು ಬಿಡುತ್ತದೆ.

ನೀರಿಗೆ ಇಳಿಯದೆಯೂ ಎಣ್ಣೆ ಹಾಲಿನ ತರ ಆಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿದೆ. ಕೂಲಂಟ್ ಟ್ಯಾಂಕಿನಲ್ಲಿ ಎಣ್ಣೆ ತೇಲುತ್ತಿದೆಯಾ ನೋಡಿ. ಇಂಥ ಗಾಡಿಯನ್ನು ಒಂದು ಕಿ.ಮೀ. ಕೂಡ ಓಡಿಸಬೇಡಿ.

ಪಿಯಿಂದ ಲಿವರ್ ಹೊರಗೆ ಬರ್ತಾನೇ ಇಲ್ಲ!

ಯಾರನ್ನಾದರೂ ಗಾಡಿಯ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ಲೈಟ್ ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್ ಹೋಗಿದೆ. ಬ್ರೇಕ್ ಒತ್ತಿದ್ದು ಗಾಡಿಗೆ ಗೊತ್ತಾಗದೆ ಲಾಕ್ ಬಿಡುತ್ತಿಲ್ಲ. ಕೆಲವು ಗಾಡಿಗಳಲ್ಲಿ ಲಿವರ್ ಪಕ್ಕ ಸಣ್ಣ ಮುಚ್ಚಳದ ಕೆಳಗೆ ಕೀಲಿಯಿಂದ ಒತ್ತುವ ಲಾಕ್ ಇರುತ್ತದೆ, ಅದರಿಂದ ಸದ್ಯಕ್ಕೆ ಬಿಡಿಸಬಹುದು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಪಿ ಹಾಕಿದರೂ ಲಿವರ್ ಬಿಗಿಯುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ.

ಗುಂಯ್ ಅಂತ ಸದ್ದು ಬರುತ್ತೆ. ಬಾಕ್ಸಿನ ಬೇರಿಂಗ್ ಅಂತಾರೆ.

ನಿಂತಲ್ಲೇ, ಪಿಯಲ್ಲಿ ರೇಸ್ ಕೊಟ್ಟಾಗ ಸದ್ದು ಏರಿದರೆ ಎಣ್ಣೆ ಪಂಪ್, ಫಿಲ್ಟರ್, ಕನ್ವರ್ಟರ್ ಕಡೆ ನೋಡಬೇಕು. ಆಲ್ಟರ್ನೇಟರ್, ಬೆಲ್ಟ್ ಕೂಡ ಇದೇ ತರ ಸದ್ದು ಮಾಡುತ್ತವೆ. ಓಡುವಾಗ ಮಾತ್ರ ಬಂದು, ವೇಗದ ಜೊತೆ ಏರಿದರೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಒಂದು ಕಡೆ ತಿರುಗಿಸಿದಾಗ ಸದ್ದು ಬದಲಾದರೆ ಗಾಲಿಯ ಬೇರಿಂಗ್. ಬದಲಾಗದಿದ್ದರೆ ಬಾಕ್ಸಿನ ಬೇರಿಂಗ್ ಅನುಮಾನ ಗಟ್ಟಿಯಾಗುತ್ತದೆ.

ರಸ್ತೆಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಬಹುದಾ? ತಳ್ಳಿ ಸ್ಟಾರ್ಟ್ ಮಾಡಬಹುದಾ?

ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ಆ ಪ್ರಯತ್ನ ಬೇಡ. ಎಳೆಯುವುದೂ ಅಪಾಯ. ಇಂಜಿನ್ ನಿಂತಾಗ ಪಂಪ್ ನಿಲ್ಲುತ್ತದೆ, ಗಾಲಿ ತಿರುಗಿದರೆ ಒಳಗಿನ ಗೇರುಗಳು ಎಣ್ಣೆ ಇಲ್ಲದೆ ಒಣಗಾಗಿ ತಿರುಗುತ್ತವೆ. ಸಣ್ಣ ದೋಷದ ಗಾಡಿಯನ್ನು ಲಿಂಗಸುಗೂರಿನಿಂದ ರಾಯಚೂರಿನವರೆಗೆ ಹಗ್ಗದಲ್ಲಿ ಎಳೆದರೆ ಬಾಕ್ಸ್ ಪೂರ್ತಿ ಹೋಗಬಹುದು. ನಾಲ್ಕೂ ಗಾಲಿ ಮೇಲೆ ನಿಲ್ಲುವ ಟೋಯಿಂಗ್ ಲಾರಿಯೇ ಸರಿ. ಅದು ಸಿಗದಿದ್ದರೆ ಇಂಜಿನ್ ಬಲ ಹೋಗುವ ಗಾಲಿಗಳನ್ನು ಎತ್ತಿ ಎಳೆಯಬೇಕು. ಹೆಚ್ಚಿನ ಕಾರುಗಳಿಗೆ ಅವು ಮುಂದಿನವು, ಇನೋವಾ ಕ್ರಿಸ್ಟಾಗೆ ಹಿಂದಿನವು. ವಿಮೆಯಲ್ಲಿ ರಸ್ತೆ ಸಹಾಯ ಇದೆಯಾ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಮೆಕ್ಯಾನಿಕ್ ಬಾಕ್ಸ್ ಇಳಿಸಲೇಬೇಕು ಅಂತಾರೆ. ಒಪ್ಪೋ ಮುಂಚೆ ಏನು ಕೇಳಬೇಕು?

ಯಾವ ಕೋಡ್ ಬಂತು, ತೋರಿಸಿ ಎನ್ನಿ. ಎಣ್ಣೆಯ ಅಳತೆ ಎಷ್ಟಿತ್ತು, ಬಣ್ಣ ಹೇಗಿತ್ತು ಎಂದು ಕೇಳಿ. ಕೆಳಗಿನ ತಟ್ಟೆ ಬಿಚ್ಚಬಹುದಾದ ಬಾಕ್ಸ್ ಆದರೆ ನಿಮ್ಮ ಮುಂದೆ ಬಿಚ್ಚಲು ಹೇಳಿ. ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಪುಡಿ ಇರುವುದು ಸಹಜ. ಲೋಹದ ಚೂರು, ಹೊಳೆಯುವ ಸಿಪ್ಪೆ, ಕಪ್ಪು ಕ್ಲಚ್ಚಿನ ತುಣುಕು ಕಂಡರೆ ಬಾಕ್ಸ್ ಇಳಿಸಬೇಕು ಎಂಬ ಮಾತಿಗೆ ಆಧಾರ ಇದೆ. ಏನೂ ಇಲ್ಲದಿದ್ದರೆ ವಾಲ್ವ್ ಬಾಡಿ ಅಥವಾ ಸೊಲೆನಾಯ್ಡ್ ಮಾತ್ರ ಬದಲಿಸಿದರೆ ಸಾಕಾಗುತ್ತದಾ ಎಂದು ಕೇಳಿ. ಎಷ್ಟೋ ಬಾಕ್ಸ್‌ಗಳಲ್ಲಿ ಇವನ್ನು ಗಾಡಿಯಲ್ಲೇ ಬಿಚ್ಚಬಹುದು.

ಒಳ್ಳೆಯ ಮಿಸ್ತ್ರಿ ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಅಂದಾಜು ಖರ್ಚನ್ನು ಬರೆಸಿಕೊಳ್ಳಿ, ಹಳೆಯ ಪಾರ್ಟ್ ವಾಪಸ್ ಕೇಳಿ, ಕೆಲಸ ಮುಗಿದ ಮೇಲೆ ಕಂಪ್ಯೂಟರಿಗೆ ಹೊಸದಾಗಿ ಕಲಿಸುವ ಕೆಲಸ ಬಿಲ್ಲಿನಲ್ಲಿ ಇದೆಯಾ ನೋಡಿ. ವಾರಂಟಿ ಉಳಿದಿದ್ದರೆ ಹೊರಗೆ ಬಾಕ್ಸ್ ಬಿಚ್ಚಿಸಲೇಬೇಡಿ. ಅನುಮಾನ ಉಳಿದರೆ ಹುಬ್ಬಳ್ಳಿ, ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ಬಾಕ್ಸ್ ಕೆಲಸವನ್ನೇ ಮಾಡುವವರಿಗೆ ಕೋಡಿನ ಫೋಟೋ, ಎಣ್ಣೆಯ ಫೋಟೋ, ಜರ್ಕ್ ಹೊಡೆಯುವ ವಿಡಿಯೋ ಕಳಿಸಿ ಕೇಳಿ.

ಹಳೆ ಆಟೋಮ್ಯಾಟಿಕ್ ಗಾಡಿ ಕೊಳ್ಳುವಾಗ ಹೇಗೆ ಪರೀಕ್ಷಿಸಬೇಕು?

ನೀವು ಹೋಗುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವಾಗ ಡಿ, ಆರ್ ಎಷ್ಟು ಹೊತ್ತಿಗೆ ಹಿಡಿಯುತ್ತವೆ ಎಂದು ಗಮನಿಸಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಓಡಿಸಿ, ಸೀಲ್ ಮತ್ತು ಒತ್ತಡದ ಕೆಲವು ತೊಂದರೆಗಳು ಎಣ್ಣೆ ಬಿಸಿಯಾದ ಮೇಲೆಯೇ ಹೊರಗೆ ಬರುತ್ತವೆ. ಒಂದು ಏರು, ಒಂದು ಸಂದಣಿಯ ರಸ್ತೆ, ಸ್ವಲ್ಪ ಹೆದ್ದಾರಿ ಮೂರೂ ಇರಲಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ರಿವರ್ಸಿನಲ್ಲಿ ಏರು ಹತ್ತಿಸಿ, ಎಎಂಟಿಯ ಸವೆದ ಕ್ಲಚ್ ಅಲ್ಲಿ ತಪ್ಪದೆ ಗೊತ್ತಾಗುತ್ತದೆ. ವಾಪಸ್ ಬಂದು ಗಾಡಿ ನಿಲ್ಲಿಸಿದ ಜಾಗದಲ್ಲಿ ರಟ್ಟು ಹಾಸಿ ಹತ್ತು ನಿಮಿಷ ಬಿಡಿ, ಹನಿ ಬಿದ್ದಿದೆಯಾ ನೋಡಿ. ಕೊನೆಗೆ ಗೇರ್‌ಬಾಕ್ಸ್ ಓದುವ ಸ್ಕ್ಯಾನರ್ ಹಾಕಿಸಿ, ಬಾಕ್ಸಿನ ಎಣ್ಣೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಎಣ್ಣೆ ಬದಲಿಸಿಲ್ಲ ಎಂದೇ ಇಟ್ಟುಕೊಂಡು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ.